ಹ್ಯಾಟು ಮಾತ್ರ ಸರಿಯಾಗಿ ಬರಬೇಕು

ನ್ಯೂಯಾರ್ಕಿನಲ್ಲಿ ಕಪ್ಪು ಜನರ ಹಳೇ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಯಾರನ್ನಾದರೂ ನಿಲ್ಲಿಸಿ "ನಿಮ್ಮ ಚಿತ್ರ ಬರೀಲಾ?" ಅಂತ ಕೇಳಿದರೆ ಮೊದಲು ಬರುವ ಪ್ರಶ್ನೆ "ಯಾಕೆ?". ಆಮೇಲಿನದು "ಯಾರಿಗೆ ತೋರಿಸ್ತೀರಿ?". ನಿಮಗೆ ಬರೆಯೋಕೆ ಬರುತ್ತಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದು ಅವರಿಗೆ ದೊಡ್ಡ ವಿಷಯವೇ ಅಲ್ಲ.

ನಾನು ದಾವಣಗೆರೆಯವಳು. ನ್ಯೂಯಾರ್ಕಿನಲ್ಲಿ ಒಂದು ಕಂಪನಿಯ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಮನೆ ಹಾರ್ಲೆಮ್‌ನಲ್ಲಿ, ಮಾರ್ಕಸ್ ಗಾರ್ವಿ ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರ. ಸಂಜೆ ಹೊತ್ತು ಎಣ್ಣೆಬಣ್ಣದ ಪೋರ್ಟ್ರೇಟ್ ಕ್ಲಾಸಿಗೆ ಸೇರಿದ್ದೆ. ಕೊನೆಯಲ್ಲಿ ಒಂದು ಸಣ್ಣ ಪ್ರದರ್ಶನ ಇತ್ತು. ಅದಕ್ಕೆ ನಮ್ಮ ಮೇಷ್ಟ್ರು ಇಟ್ಟ ನಿಯಮ ಒಂದೇ: ದುಡ್ಡು ಕೊಟ್ಟು ಕೂರಿಸುವ ಮಾಡೆಲ್ ಬೇಡ, ನಿಮ್ಮ ನಿಮ್ಮ ಬೀದಿಯವರನ್ನು ಬರೆಯಿರಿ. ಮೇಷ್ಟ್ರು ಹಾರ್ಲೆಮ್‌ನಲ್ಲೇ ಹುಟ್ಟಿ ಬೆಳೆದ ಕಪ್ಪು ಜನಾಂಗದ ಹಿರಿಯರು. ಮಾತು ಕಡಿಮೆ, ಕೆಮ್ಮು ಜಾಸ್ತಿ.

ಆ "ಯಾಕೆ?" ಎಲ್ಲಿಂದ ಬರುತ್ತದೆ ಅಂತ ತಿಳಿಯೋಕೆ ಇಲ್ಲಿ ಸ್ವಲ್ಪ ದಿನ ಇದ್ದರೆ ಸಾಕು. ಈ ಜನರನ್ನು ನೋಡೋಕೆ ಹೊರಗಿನವರು ಬರುವುದು ನಿಂತೇ ಇಲ್ಲ. ಭಾನುವಾರ ಚರ್ಚಿನ ಹಾಡು ಕೇಳೋಕೆ ಟೂರಿಸ್ಟ್ ಬಸ್ಸುಗಳು ಬರುತ್ತವೆ, ಫೋನುಗಳು ಮೇಲೇಳುತ್ತವೆ. 1969ರಲ್ಲಿ ನಗರದ ದೊಡ್ಡ ಮ್ಯೂಸಿಯಂ ಮೆಟ್ರೊಪಾಲಿಟನ್, ಹಾರ್ಲೆಮ್ ಬಗ್ಗೆಯೇ ಒಂದು ಭಾರಿ ಪ್ರದರ್ಶನ ಮಾಡಿತು. ಹೆಸರು 'ಹಾರ್ಲೆಮ್ ಆನ್ ಮೈ ಮೈಂಡ್'. ಅಲ್ಲಿ ಗೋಡೆ ತುಂಬ ಫೋಟೋಗಳಿದ್ದವು, ಆದರೆ ಹಾರ್ಲೆಮ್‌ನ ಕಪ್ಪು ಕಲಾವಿದರ ಪೇಂಟಿಂಗ್ ಒಂದೂ ಇರಲಿಲ್ಲ. ಕಲಾವಿದರು ಮ್ಯೂಸಿಯಂ ಮುಂದೆ ಬೋರ್ಡು ಹಿಡಿದು ನಿಂತರು. ಅಲ್ಲಿನ ಫೋಟೋಗಳಲ್ಲಿ ಬಹಳಷ್ಟು ಜೇಮ್ಸ್ ವ್ಯಾನ್ ಡರ್ ಝೀ ತೆಗೆದವು. ಅದಕ್ಕೂ ಎಷ್ಟೋ ದಶಕ ಮೊದಲಿಂದ ಹಾರ್ಲೆಮ್‌ನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಮನುಷ್ಯ. ಅವರ ಚಿತ್ರಗಳು ಮ್ಯೂಸಿಯಂ ಗೋಡೆ ಹತ್ತಿದ ವರ್ಷವೇ ಅವರನ್ನು ಹಾರ್ಲೆಮ್‌ನ ಮನೆಯಿಂದ ಹೊರಹಾಕಲಾಯಿತು. ಇಲ್ಲಿನ ಹಿರಿಯರು ಇದನ್ನೆಲ್ಲ ಇನ್ನೂ ಮರೆತಿಲ್ಲ.

ನಾನು ಮೊದಲು ಕೇಳಿದ್ದು ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯ ಅಜ್ಜಿಯನ್ನು. ಎಲ್ಲರೂ ಮಿಸ್ ಡಿ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಬೇಸಿಗೆಯ ಸಂಜೆ ಮೆಟ್ಟಿಲ ಮೇಲೆ ಮಡಚುವ ಕುರ್ಚಿ ಹಾಕಿ ಕೂರುತ್ತಾರೆ. ಬೀದಿಗೆ ಯಾರು ಬಂದರು, ಯಾರು ಹೋದರು, ಯಾರ ಪಾರ್ಸೆಲ್ ಕಳವಾಯಿತು, ಎಲ್ಲ ಅವರಿಗೆ ಗೊತ್ತು. ನನ್ನ ತಲೆಯಲ್ಲಿ ಚಿತ್ರ ಆಗಲೇ ತಯಾರಾಗಿತ್ತು. ಕಂದು ಕಲ್ಲಿನ ಹಳೇ ಮನೆ, ಮೆಟ್ಟಿಲು, ಮನೆ ಉಡುಪಿನಲ್ಲಿ ಅಜ್ಜಿ, ಹಿಂದೆ ಪಕ್ಕದ ಮನೆಯ 'ಮಾರಾಟಕ್ಕಿದೆ' ಬೋರ್ಡು.

ಅವರು ಪೂರ್ತಿ ಕೇಳಿಸಿಕೊಂಡರು. "ಮಗಳೇ, ಆ ಬೋರ್ಡನ್ನ ನಾನು ದಿನಾ ನೋಡ್ತೀನಿ. ಅದರ ಪಕ್ಕ ನನ್ನನ್ನ ಯಾಕೆ ಕೂರಿಸ್ತೀಯಾ? ನಾನು ಈಸ್ಟರ್ ಹ್ಯಾಟು ಹಾಕ್ಕೊಂಡು ನನ್ನ ಮನೆ ಒಳಗೆ ಕೂರ್ತೀನಿ. ನನ್ನ ಸೋಫಾ ಮೇಲೆ. ಹ್ಯಾಟು ಮಾತ್ರ ಸರಿಯಾಗಿ ಬರಬೇಕು."

ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು ವ್ಯಾನ್ ಡರ್ ಝೀ ತೆಗೆದ ಒಂದು ಫೋಟೋ ತೋರಿಸಿದರು. 1932ರದ್ದು. ಪಶ್ಚಿಮ 127ನೇ ರಸ್ತೆಯಲ್ಲಿ ಒಂದು ಜೋಡಿ, ಇಬ್ಬರಿಗೂ ರಕೂನ್ ತುಪ್ಪಳದ ದೊಡ್ಡ ಕೋಟು, ಪಕ್ಕದಲ್ಲಿ ಮಿರಿಮಿರಿ ಮಿಂಚುವ ಕ್ಯಾಡಿಲಾಕ್ ಕಾರು. ವರ್ಷ ನೋಡಿ. ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ರೊಟ್ಟಿಗೆ ಕ್ಯೂ ನಿಂತಿದ್ದ ಕಾಲ. ಹಾರ್ಲೆಮ್‌ಗೆ ಆ ಹೊಡೆತ ಇನ್ನೂ ಜೋರು. ವ್ಯಾನ್ ಡರ್ ಝೀ ಫಿಲ್ಮಿನ ಮೇಲೆ ಕೈ ಆಡಿಸಿ ಸುಕ್ಕು ಅಳಿಸುತ್ತಿದ್ದರು, ಬೇಕಾದರೆ ಒಡವೆಯನ್ನೂ ಬರೆದು ಸೇರಿಸುತ್ತಿದ್ದರು. ಸುಳ್ಳು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಪತ್ರಿಕೆಗಳಲ್ಲಿ, ಪೊಲೀಸ್ ಫೈಲಿನಲ್ಲಿ, ಸರ್ಕಾರಿ ವರದಿಗಳಲ್ಲಿ ಇವರ ಕಷ್ಟದ ಮುಖ ಬೇಕಾದಷ್ಟಿತ್ತು. ಸ್ಟುಡಿಯೋಗೆ ಬಂದು ದುಡ್ಡು ಕೊಟ್ಟವರಿಗೆ ಬೇಕಿದ್ದದ್ದು ಬೇರೆ ಮುಖ.

ಇನ್ನೊಂದು ಕಡೆ ಆಲಿಸ್ ನೀಲ್ ಇದ್ದಾರೆ. ಬಿಳಿ ಹೆಂಗಸು. 1938ರಲ್ಲಿ ಸ್ಪ್ಯಾನಿಷ್ ಹಾರ್ಲೆಮ್‌ಗೆ ಬಂದು ಎರಡು ದಶಕಕ್ಕೂ ಜಾಸ್ತಿ ಅಲ್ಲೇ ಇದ್ದು, ಅಕ್ಕಪಕ್ಕದ ಪೋರ್ಟೊ ರಿಕನ್ ಮಕ್ಕಳು, ತಾಯಂದಿರು, ಕಾಯಿಲೆಯವರನ್ನು ಬರೆದರು. 1940ರ 'ಟಿ.ಬಿ. ಹಾರ್ಲೆಮ್' ಚಿತ್ರದಲ್ಲಿ ಕ್ಷಯದಿಂದ ಸೊರಗಿದ ಯುವಕ, ಎದೆಯ ಮೇಲೆ ಬ್ಯಾಂಡೇಜು. ಅದೂ ದೊಡ್ಡ ಚಿತ್ರವೇ. ಆದರೆ ಅದನ್ನು ತೋರಿಸಿದಾಗ ಮಿಸ್ ಡಿ ಹೇಳಿದ್ದು ಇಷ್ಟು: "ಚೆನ್ನಾಗಿದೆ. ನಾನು ಕಾಯಿಲೆ ಬಿದ್ದಾಗ ಕರೀತೀನಿ."

ಕ್ಲಾಸಿನಲ್ಲಿ ಅತ್ತ ಬಣ್ಣದ ಪಾಠ ನಡೆದಿತ್ತು. ಚರ್ಮದ ಪಾಠ ಶುರುವಾದ ದಿನ ಮೇಷ್ಟ್ರು ಎಲ್ಲರ ಬಿಳಿ ಟ್ಯೂಬುಗಳನ್ನು ಎತ್ತಿ ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಕಪ್ಪು, ಕಂದು ಚರ್ಮಕ್ಕೆ ಬೆಳಕು ಬಿದ್ದ ಕಡೆ ಬಿಳಿ ಬೆರೆಸಿಬಿಡೋಣ ಅಂತ ಕೈ ತಾನಾಗಿ ಹೋಗುತ್ತದೆ. ಬೆರೆಸಿದರೆ ಮುಖ ಸುಣ್ಣ ಬಡಿದ ಹಾಗಾಗುತ್ತದೆ. ಬದಲಿಗೆ ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ, ಅಲಿಜರಿನ್ ಕೆಂಪು, ಯೆಲ್ಲೋ ಓಕರ್. ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಮೊದಲು ಕತ್ತಲು ಭಾಗ ತೆಳ್ಳಗೆ, ಆಮೇಲೆ ನಡುವಿನ ಬಣ್ಣ. ಹೊಳಪು ಕೊನೆಗೆ. ಕಪ್ಪು ಚರ್ಮದ ಮೇಲೆ ಕಿಟಕಿಯ ಬೆಳಕು ಬಿದ್ದರೆ ಹೊಳಪು ನೀಲಿಯಾಗಿ ಕಾಣುತ್ತದೆ, ಎಣ್ಣೆ ಸವರಿದ ಕೃಷ್ಣಶಿಲೆಯ ವಿಗ್ರಹದ ಮೇಲೆ ಬೆಳಗಿನ ಬೆಳಕು ಬಿದ್ದ ಹಾಗೆ. ಕಿವಿ ಅಂಚು, ಮೂಗಿನ ತುದಿ, ತುಟಿಯ ಒಳಭಾಗದಲ್ಲಿ ಕೆಂಪು ಇಣುಕುತ್ತದೆ. ಬಿಳಿ ಬೇಕಾಗುವುದು ಕೊನೆಯ ಚಿಟಿಕೆಗೆ ಅಷ್ಟೇ.

ಕಪ್ಪಿನಲ್ಲೂ ಒಂದೇ ಕಪ್ಪಿಲ್ಲ. ಕೆರಿ ಜೇಮ್ಸ್ ಮಾರ್ಷಲ್ ಅಂತ ಷಿಕಾಗೋದ ಚಿತ್ರಕಾರರಿದ್ದಾರೆ, 1955ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. ಐವರಿ, ಕಾರ್ಬನ್, ಮಾರ್ಸ್ ಎಂಬ ಮೂರು ಕಪ್ಪು ಬಣ್ಣಗಳನ್ನು ಇಟ್ಟುಕೊಂಡು, ಅದಕ್ಕೆ ನೀಲಿ, ಹಸಿರು, ನೇರಳೆ ಬೆರೆಸಿ ಮನುಷ್ಯರನ್ನು ಬರೆಯುತ್ತಾರೆ. ದೂರದಿಂದ ಅಪ್ಪಟ ಕಪ್ಪು, ಹತ್ತಿರ ಹೋದರೆ ಒಳಗೆ ಹತ್ತು ಬಣ್ಣ. ಎಮಿ ಶೆರಾಲ್ಡ್ ಇನ್ನೊಂದು ದಾರಿ ಹಿಡಿದರು. ಚರ್ಮವನ್ನೆಲ್ಲ ಬೂದು ಬಣ್ಣದಲ್ಲಿ ಬರೆಯುತ್ತಾರೆ, ಬಟ್ಟೆಗೆ ಮಾತ್ರ ಗಾಢ ಬಣ್ಣ. 2018ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಮಿಷೆಲ್ ಒಬಾಮಾ ಅವರ ಚಿತ್ರ ಬರೆದದ್ದು ಅವರೇ. ನನಗೆ ಆ ಬೂದು ತುಂಬಾ ಹಿಡಿಸಿತ್ತು. ನೋಡುವವರು ಚರ್ಮದ ಬಣ್ಣ ಬಿಟ್ಟು ಮನುಷ್ಯರನ್ನು ನೋಡಲಿ ಅನ್ನುವ ಹಟ ಅದರಲ್ಲಿದೆ. ಮಿಸ್ ಡಿಗೂ ಹಾಗೇ ಬರೆಯೋಣವಾ ಅಂತ ಫೋನಿನಲ್ಲಿ ತೋರಿಸಿದೆ.

"ನಾನು ಬೆಳಿಗ್ಗೆ ಎದ್ದು ಮೈಗೆಲ್ಲ ಕೋಕೋ ಬಟರ್ ತಿಕ್ಕೋದು ಯಾಕೆ ಅಂದ್ಕೊಂಡೆ? ಬೂದಿ ಬಡಿದ ಹಾಗೆ ಕಾಣಬಾರದು ಅಂತ. ನೀನು ನನ್ನನ್ನ ಬೂದಿನೇ ಮಾಡ್ತೀನಿ ಅಂತೀಯಲ್ಲಾ!"

ಅಲ್ಲಿಗೆ ಶೆರಾಲ್ಡ್ ಮಾರ್ಗ ಮುಗಿಯಿತು.

ಭಾನುವಾರ ಚರ್ಚಿನಿಂದ ಬಂದ ಮೇಲೆ ಕೂರುತ್ತಿದ್ದರು. ಸೋಫಾಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಹ್ಯಾಟು ತಿಳಿ ನೇರಳೆ, ಅಂಚಿಗೆ ರಿಬ್ಬನ್, ಒಂದು ಬದಿಗೆ ಬಲೆ. ಇಪ್ಪತ್ತು ನಿಮಿಷ ಕೂತು ಒಂದು ವಿರಾಮ, ಮತ್ತೆ ಇಪ್ಪತ್ತು ನಿಮಿಷ. ಮಾತಾಡಬೇಡಿ ಅಂದರೆ ಮುಖ ಬಿಗಿಯುತ್ತಿತ್ತು, ಮಾತಾಡಲು ಬಿಟ್ಟರೆ ಗಲ್ಲ ನಿಲ್ಲುತ್ತಿರಲಿಲ್ಲ. ನಾನು ಮಾತನ್ನೇ ಆರಿಸಿಕೊಂಡೆ. ಅಪ್ಪ ಅಮ್ಮ ಸೌತ್ ಕೆರೊಲಿನಾದಿಂದ ರೈಲಿನಲ್ಲಿ ಬಂದದ್ದು, ಲೆನಾಕ್ಸ್ ಅವೆನ್ಯೂದ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಸಿದ್ದು, ಈಗ ಅಕ್ಕ ವಾಪಸ್ ಕೆರೊಲಿನಾಕ್ಕೇ ಹೋಗಿರುವುದು. ಬಾಡಿಗೆ ಏರಿಸಲು ಮಿತಿ ಇರುವ ಹಳೇ ಕರಾರಿನ ಮನೆ ಅವರದ್ದು. ಅದಕ್ಕೇ ಮಾಲೀಕರ ಕಡೆಯವರು ಆಗಾಗ ಬಂದು "ಇಷ್ಟು ಕೊಡ್ತೀವಿ, ಖಾಲಿ ಮಾಡಿ" ಅನ್ನುತ್ತಾರಂತೆ. ಮೇಲಿನ ಮಹಡಿಯಲ್ಲಿ ಅದೇ ಅಳತೆಯ ಮನೆಗೆ ನಾನು ಕೊಡುವ ಬಾಡಿಗೆ ಎಷ್ಟು ಅಂತ ಒಂದು ದಿನ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಂಥವರು ಬರ್ತಾ ಇರೋದಕ್ಕೇ ಅವನು ನನ್ನ ಬಾಗಿಲು ಬಡಿಯೋದು. ತಪ್ಪು ತಿಳೀಬೇಡ. ಗಲ್ಲ ಈ ಕಡೆ ತಿರುಗಿಸಲಾ?" ಅಂದರು.

ತಪ್ಪು ತಿಳಿಯಲು ಏನೂ ಇರಲಿಲ್ಲ. ಅವರು ಹೇಳಿದ್ದು ಲೆಕ್ಕ. 2008ರಲ್ಲಿ ನಗರದವರು 125ನೇ ರಸ್ತೆಯ ಕಟ್ಟಡ ನಿಯಮ ಬದಲಿಸಿ ಎತ್ತರದ ಬಿಲ್ಡಿಂಗುಗಳಿಗೆ ದಾರಿ ಮಾಡಿದರು. 2017ರಲ್ಲಿ ಅದೇ ರಸ್ತೆಗೆ ಹೋಲ್ ಫುಡ್ಸ್ ಅನ್ನುವ ದುಬಾರಿ ದಿನಸಿ ಅಂಗಡಿ ಬಂತು. ಅದೇ ವರ್ಷ ಮನೆ ಮಾರುವ ಏಜೆಂಟರು ಹಾರ್ಲೆಮ್‌ನ ದಕ್ಷಿಣ ಭಾಗಕ್ಕೆ 'ಸೋಹಾ' ಅಂತ ಹೊಸ ಹೆಸರಿಡಲು ಹೋಗಿ ಜನರಿಂದ ಚೆನ್ನಾಗಿ ಬೈಸಿಕೊಂಡರು. ಪಾರ್ಕಿನಲ್ಲಿ ದಶಕಗಳಿಂದ ಡ್ರಮ್ಮು ಬಾರಿಸುತ್ತಿದ್ದವರ ಮೇಲೆ ಪಕ್ಕದ ಹೊಸ ಫ್ಲ್ಯಾಟಿನವರು ಗಲಾಟೆ ಅಂತ ದೂರು ಕೊಟ್ಟ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಡೌಡ್ ಬೇ ಅನ್ನುವ ಫೋಟೋಗ್ರಾಫರ್ 1975ರಿಂದ 79ರವರೆಗೆ ಹಾರ್ಲೆಮ್‌ನ ಬೀದಿಗಳಲ್ಲಿ ಜನರ ಮುಖ ತೆಗೆದರು. ಹುಡುಗನಾಗಿದ್ದಾಗ ಆ ಮೆಟ್ರೊಪಾಲಿಟನ್ ಪ್ರದರ್ಶನ ನೋಡಿದವರು ಅವರು. 2014ರ ಹೊತ್ತಿಗೆ ಮತ್ತೆ ಅದೇ ಬೀದಿಗಳಿಗೆ ಬಂದು ತೆಗೆದ ಚಿತ್ರಗಳಲ್ಲಿ ಮುಖಗಳಿಗಿಂತ ಕಟ್ಟಡ ಕೆಲಸದ ಬೇಲಿ, ಹಸಿರು ಬಲೆ, ಖಾಲಿ ಸೈಟುಗಳೇ ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ವಿವರಣೆ ಬೇಡ.

ನಾನು ಬರೆದ ಮುಖದಲ್ಲಿ ಈ ಬಾಡಿಗೆ ಲೆಕ್ಕ ಎಲ್ಲಿ ಬಂತು ಅಂತ ನೀವು ಕೇಳಬಹುದು. ದವಡೆಯಲ್ಲಿ ಬಂತು. ಆ ಮಾತಿನ ದಿನ ಅವರ ದವಡೆ ಬಿಗಿದ ರೀತಿಯನ್ನು ನಾನು ತೆಗೆಯಲಿಲ್ಲ. ಅವರೂ ತೆಗಿ ಅನ್ನಲಿಲ್ಲ. ಹ್ಯಾಟಿನ ನೇರಳೆ ಹಣೆಯ ಮೇಲೆ ಪ್ರತಿಫಲಿಸುತ್ತಿತ್ತು, ಅದಂತೂ ಬರೆಯಲು ಪುಣ್ಯ ಮಾಡಿರಬೇಕು.

ಕೂತಿರದ ದಿನಗಳಲ್ಲಿ ಕೆಲಸ ಮಾಡಲು ಫೋನಿನ ಫೋಟೋ ಬೇಕಿತ್ತು. ಅದೊಂದು ಬೇರೆಯೇ ತಲೆನೋವು. ಬಿಳಿ ಗೋಡೆ ಹಿಂದಿದ್ದರೆ ಫೋನು ಗೋಡೆಯನ್ನು ಅಳೆದು ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಮುಖದ ಮೇಲೆ ಬೆರಳಿಟ್ಟು ಬೆಳಕು ಸರಿಮಾಡಬೇಕು, ಹಿಂದೆ ಗಾಢ ಬಣ್ಣದ ಬಟ್ಟೆ ಇಳಿಬಿಡಬೇಕು, ಕಿಟಕಿ ಪಕ್ಕಕ್ಕಿರಬೇಕು. ಈ ರೋಗ ಹಳೆಯದು. ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಲ್ಯಾಬುಗಳಿಗೆ 'ಷರ್ಲಿ ಕಾರ್ಡ್' ಕಳಿಸುತ್ತಿತ್ತು. ಕಾರ್ಡಿನ ಮೇಲೆ ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಪ್ರಿಂಟು ಸರಿ ಅಂತ ಲೆಕ್ಕ. ಕಪ್ಪು ಮಕ್ಕಳು ಶಾಲೆಯ ಗ್ರೂಪ್ ಫೋಟೋದಲ್ಲಿ ಬರೀ ಕಣ್ಣು, ಹಲ್ಲಾಗಿ ಉಳಿದರು. ಚಾಕೊಲೇಟ್ ಕಂಪನಿಗಳೂ ಪೀಠೋಪಕರಣದವರೂ ತಮ್ಮ ಮಾಲಿನ ಕಂದು ಬಣ್ಣ ಸರಿ ಬರುತ್ತಿಲ್ಲ ಅಂತ ದೂರಿದ್ದೂ ಫಿಲ್ಮು ಸುಧಾರಿಸಲು ಒಂದು ಕಾರಣವಂತೆ. ಮಕ್ಕಳ ತಾಯಂದಿರ ದೂರಿಗೆ ಅಷ್ಟು ತೂಕ ಬರಲಿಲ್ಲ ನೋಡಿ. ಕ್ರಯಾನ್ ಪೆಟ್ಟಿಗೆಯದ್ದೂ ಇದೇ ಕಥೆ. ತಿಳಿ ಗುಲಾಬಿ ಕಡ್ಡಿಗೆ ಕ್ರೇಯೋಲಾ ಕಂಪನಿ 'ಫ್ಲೆಶ್', ಅಂದರೆ ಮೈಬಣ್ಣ, ಅಂತ ಹೆಸರಿಟ್ಟಿತ್ತು, 1962ರಲ್ಲಿ 'ಪೀಚ್' ಅಂತ ಬದಲಿಸಿತು.

ನಗಬೇಡಿ, ನಾವೇನು ಕಡಿಮೆಯಿಲ್ಲ. ಅರ್ಧ ಮುಗಿದ ಚಿತ್ರವನ್ನು ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಎಷ್ಟು ಲಕ್ಷಣವಾಗಿದ್ದಾರೆ ಕಣೇ! ಸ್ವಲ್ಪ ಬೆಳ್ಳಗೆ ಮಾಡಬಾರದಾ?" ಅಂದರು. ದಾವಣಗೆರೆಯಲ್ಲಿ ಗಂಡಿನ ಕಡೆಯವರಿಗೆ ಕಳಿಸಲು ನನ್ನ ಫೋಟೋ ತೆಗೆಸಿದಾಗ ಸ್ಟುಡಿಯೋದವರು ಯಾರೂ ಕೇಳದಿದ್ದರೂ ಎರಡು ಪಟ್ಟು ಬೆಳ್ಳಗೆ ಮಾಡಿ ಕೊಟ್ಟಿದ್ದರು. ವ್ಯಾನ್ ಡರ್ ಝೀ ಒಡವೆ ಸೇರಿಸಿದರೂ ಅದು ಕೂತವರ ಆಸೆ. ನನ್ನ ಫೋಟೋದಲ್ಲಿ ಇದ್ದದ್ದು ಯಾರ ಆಸೆಯೋ.

ಎರಡನೆಯವನು ನಮ್ಮ ಬೀದಿಯ ತುದಿಯ ಬಸ್ ಡ್ರೈವರ್. ಮೂವತ್ತರ ಆಸುಪಾಸು. ಅವನನ್ನು ಕೇಳಿದಾಗ ತಕ್ಷಣ ಒಪ್ಪಿದ, ಆದರೆ ನೇರ ಎದುರಿನಿಂದ ಬೇಡ, ಪಕ್ಕದಿಂದಲೂ ಬೇಡ ಅಂದ. ಕಾರಣ ಅವನೇ ಹೇಳಿದ. ಎದುರು ಮುಖ, ಪಕ್ಕದ ಮುಖ ಅಂದರೆ ಠಾಣೆಯ ಫೋಟೋ. ಅವನ ಹದಿಹರೆಯದಲ್ಲಿ ಇಲ್ಲಿ 'ಸ್ಟಾಪ್ ಅಂಡ್ ಫ್ರಿಸ್ಕ್' ಜೋರಾಗಿತ್ತು. ಪೊಲೀಸರಿಗೆ ಅನುಮಾನ ಬಂದರೆ ದಾರಿಯಲ್ಲಿ ನಿಲ್ಲಿಸಿ ಮೈ ತಡವಬಹುದು. 2011 ಒಂದೇ ವರ್ಷ ನ್ಯೂಯಾರ್ಕಿನಲ್ಲಿ 6 ಲಕ್ಷ 85 ಸಾವಿರಕ್ಕೂ ಹೆಚ್ಚು ಸಲ ಹೀಗೆ ನಿಲ್ಲಿಸಿದರು. ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಹುಡುಗರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಬಂಧನವೂ ಇಲ್ಲ, ಕೇಸೂ ಇಲ್ಲ. 2013ರಲ್ಲಿ ಫೆಡರಲ್ ಕೋರ್ಟು ಅದನ್ನು ನಡೆಸುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಇವನನ್ನು ಶಾಲೆಗೆ ಹೋಗುವಾಗ ನಿಲ್ಲಿಸಿದ್ದರು, ಬರುವಾಗಲೂ ನಿಲ್ಲಿಸಿದ್ದರು.

ಚಿತ್ರಕಾರ ಕೆಹಿಂಡೆ ವೈಲಿಯ ಕಥೆ ನೆನಪಾಯಿತು. ಹೊಸ ಶತಮಾನದ ಶುರುವಿನಲ್ಲಿ ಸ್ಟುಡಿಯೋ ಮ್ಯೂಸಿಯಂ ಇನ್ ಹಾರ್ಲೆಮ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಬೀದಿಯಲ್ಲಿ ಮುದುರಿದ ಕಾಗದವೊಂದು ಸಿಕ್ಕಿತು. ಪೊಲೀಸರು ತೆಗೆದ ಒಬ್ಬ ಕಪ್ಪು ಯುವಕನ ಫೋಟೋ. ಇದೂ ಒಂದು ಪೋರ್ಟ್ರೇಟ್ ತಾನೇ ಅನ್ನುವ ಯೋಚನೆ ಅಲ್ಲಿಂದ ಹೊರಟಿತು. ಮುಂದೆ ಅವರು ಬೀದಿಯ ಹುಡುಗರನ್ನು ಯುರೋಪಿನ ರಾಜರ ಭಂಗಿಯಲ್ಲಿ ನಿಲ್ಲಿಸಿದರು. ಡ್ರೈವರಿಗೆ ತೋರಿಸಿದೆ. "ಕುದುರೆ ಎಲ್ಲ ಬೇಡ," ಅಂದ. ಅವನ ಬೇಡಿಕೆ ಬೇರೆ: "ಎರಡು ಬರೀರಿ. ಒಂದು ಯೂನಿಫಾರ್ಮಿನಲ್ಲಿ, ಒಂದು ಟೋಪಿ ಹೊಲಿದ ಹುಡಿ ಅಂಗಿ ಹಾಕಿಕೊಂಡು. ಮುಖ ಒಂದೇ ಇರಬೇಕು. ಅದೇ ಬೆಳಕು, ಅದೇ ಕಣ್ಣು. ಕೂದಲೆಳೆಯಷ್ಟೂ ಬದಲಾಗಬಾರದು."

ಕ್ಲಾಸಿನಲ್ಲಿ ಕಲಿತ ಯಾವ ಪಾಠಕ್ಕಿಂತ ಇದು ಕಷ್ಟವಿತ್ತು. ಹುಡಿಯ ಟೋಪಿ ತಲೆಯ ಮೇಲೆ ಬಂದ ಕೂಡಲೇ ಹಣೆಗೆ ನೆರಳು ಬೀಳುತ್ತದೆ, ಕಣ್ಣು ಆಳಕ್ಕೆ ಹೋಗುತ್ತದೆ. ಸಿನಿಮಾದಲ್ಲಿ ಕಳ್ಳನ ಮುಖಕ್ಕೆ ಬಿಡುವ ನೆರಳು ಅದೇ. ಮೇಷ್ಟ್ರು ದೀಪ ಕೆಳಗಿಳಿಸಿ, ಅವನ ಮೊಣಕಾಲಿನ ಮೇಲೆ ಬಿಳಿ ರಟ್ಟು ಇಟ್ಟು ಬೆಳಕು ಮೇಲಕ್ಕೆ ಹೊಡೆಯುವ ಹಾಗೆ ಮಾಡಿದರು. ಎರಡು ಕ್ಯಾನ್ವಾಸನ್ನೂ ಅಕ್ಕಪಕ್ಕ ನಿಲ್ಲಿಸಿ, ಒಂದರ ಕೆನ್ನೆಗೆ ಹಚ್ಚಿದ ಬಣ್ಣವನ್ನು ಆ ಕ್ಷಣವೇ ಇನ್ನೊಂದಕ್ಕೂ ಹಚ್ಚಿದೆ. ಒಂದು ಮುಗಿಸಿ ಇನ್ನೊಂದು ಮಾಡಿದ್ದರೆ ಖಂಡಿತ ಎರಡು ಬೇರೆ ಮನುಷ್ಯರಾಗುತ್ತಿದ್ದರು.

ಮೂರನೆಯದು 116ನೇ ರಸ್ತೆಯ ಜಡೆ ಹೆಣೆಯುವ ಅಂಗಡಿ. ಆ ಸುತ್ತಮುತ್ತ ಸೆನೆಗಲ್‌ನವರು ಜಾಸ್ತಿ. ಅಂಗಡಿಯಾಕೆ ಮುಖ ಕೊಡಲಿಲ್ಲ. "ಮುಖ ಬೇಡ, ಕೈ ಬರಿ," ಅಂದರು. ಪೇಪರ್ರು, ವೀಸಾ ಅಂತ ಎಲ್ಲರೂ ಹೆದರಿರುವ ಕಾಲ, ನಾನೂ ಒತ್ತಾಯ ಮಾಡಲಿಲ್ಲ. ಅವರ ಗೋಡೆಯ ಮೇಲೆ ಬಿಳಿ ಬಟ್ಟೆಯ ಸಂತರೊಬ್ಬರ ಚಿತ್ರವಿತ್ತು, ಮುಖದ ಅರ್ಧ ನೆರಳಿನಲ್ಲಿ. ಸೆನೆಗಲ್‌ನ ಮುರೀದ್ ಅನ್ನುವ ಸೂಫಿ ಪಂಥದ ಶೇಖ್ ಅಮಾದು ಬಂಬಾ. ಅವರದ್ದು ಅಂತ ಜಗತ್ತಿಗೆ ಗೊತ್ತಿರುವ ಫೋಟೋ ಅದೊಂದೇ. 1913ರಲ್ಲಿ, ಫ್ರೆಂಚರು ಅವರನ್ನು ಕಾವಲಿನಲ್ಲಿಟ್ಟಿದ್ದಾಗ ತೆಗೆದದ್ದು. ಕಾವಲಿನವರ ಕಾಲದ ಫೋಟೋ ಈಗ ಅಂಗಡಿ ಅಂಗಡಿಯಲ್ಲಿ ಪೂಜೆಯ ಪಟ. ಡ್ರೈವರಿಗೆ ಇದನ್ನು ಹೇಳಿದಾಗ ಅವನು ಆ ಅಂಗಡಿಗೇ ಹೋಗಿ ನೋಡಿ ಬಂದ.

ಪ್ರದರ್ಶನ ನಡೆದದ್ದು ಒಂದು ಚರ್ಚಿನ ನೆಲಮಹಡಿಯ ಹಾಲಿನಲ್ಲಿ. ಫ್ರೈಡ್ ಚಿಕನ್, ಮ್ಯಾಕರೋನಿ, ಕೆಂಪು ಪಾನಕ. ಡ್ರೈವರ್ ತನ್ನ ಹೆಸರು ಹಾಕಬೇಡಿ ಅಂದಿದ್ದ. ಮೂಲೆಯಲ್ಲಿ ತಟ್ಟೆ ಹಿಡಿದು ನಿಂತು, ಯಾರು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನೋಡುತ್ತಿದ್ದ. ಒಬ್ಬರು ನನ್ನ ಹತ್ತಿರ ಬಂದು, "ಈ ಹುಡಿ ಹಾಕಿದವನ ಕಣ್ಣಲ್ಲಿ ಸಿಟ್ಟು ಚೆನ್ನಾಗಿ ಬಂದಿದೆ" ಅಂದರು. ನಾನು ಪಕ್ಕದ್ದನ್ನು ತೋರಿಸಿದೆ. ಅವರು ಎರಡನ್ನೂ ಬಗ್ಗಿ ನೋಡಿದರು, ಮತ್ತೆ ನೋಡಿದರು, ಏನೂ ಹೇಳದೆ ಚಿಕನ್ ಕಡೆ ಹೋದರು. ಡ್ರೈವರಿಗೆ ಅವತ್ತು ಅದೇ ಹಬ್ಬ. ಅವನ ತಾಯಿ ಮನೆಗೆ ಒಯ್ದದ್ದು ಹುಡಿಯದ್ದನ್ನು. "ಯೂನಿಫಾರ್ಮಿಂದು ಡಿಪೋದವರಿಗೆ ಕೊಡಿ," ಅಂದರು.

ಹೊಸ ಫ್ಲ್ಯಾಟಿನ ದಂಪತಿಯೊಬ್ಬರು ಮಿಸ್ ಡಿ ಚಿತ್ರವನ್ನು ತಮ್ಮ ಬಿಲ್ಡಿಂಗಿನ ಲಾಬಿಗೆ ಕೊಳ್ಳಲು ಕೇಳಿದರು. ಒಳ್ಳೆಯ ಜನ, ಒಳ್ಳೆಯ ಬೆಲೆ. ನಾನು ಮಿಸ್ ಡಿ ಕಡೆ ಕೈ ತೋರಿಸಿದೆ. ಅವರು ಹ್ಯಾಟು ಸರಿಮಾಡಿಕೊಂಡು, "ಲಾಬಿಯಲ್ಲಿ ನಾನೇ ಬಂದು ಕೂರ್ತೀನಿ, ಮನೆ ಕೊಡ್ತೀರಾ?" ಅಂದರು. ದಂಪತಿ ನಕ್ಕರು. ಮಿಸ್ ಡಿ ನಗಲಿಲ್ಲ. ಚಿತ್ರ ಈಗ ಅವರ ಟಿ.ವಿ.ಯ ಮೇಲಿದೆ.

ಈಗ ಯಾರೇ ಕೂರಲಿ, ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ: ಎಲ್ಲಿ ಕೂರುವುದು, ಏನು ಉಡುವುದು, ಯಾರಿಗೆ ತೋರಿಸಬಹುದು, ಫೋನಿನ ಫೋಟೋ ಯಾವಾಗ ಅಳಿಸಬೇಕು, ಚಿತ್ರ ಯಾರದ್ದು. ಕ್ಲಾಸಿನ ಗೆಳತಿಯೊಬ್ಬಳು ಇದರಿಂದ ಕಲಾವಿದರ ಸ್ವಾತಂತ್ರ್ಯ ಹೋಗುತ್ತದೆ ಅನ್ನುತ್ತಾಳೆ. ಹೋಗಲಿ ಬಿಡಿ. ಆ ಹಾಳೆ ತುಂಬಿಸುವಾಗ ಬರುವ ಮಾತಿನಲ್ಲೇ ನನಗೆ ಅರ್ಧ ಮುಖ ಸಿಗುತ್ತದೆ.

ಮೊನ್ನೆ ನಮ್ಮ ಬಿಲ್ಡಿಂಗಿನ ಸೂಪರ್ ಬಂದಿದ್ದರು. ನಲ್ಲಿ, ಬಾಯ್ಲರ್, ಕಸ ಎಲ್ಲ ನೋಡಿಕೊಳ್ಳುವವರು, ಡೊಮಿನಿಕನ್ ರಿಪಬ್ಲಿಕ್‌ನವರು. ಬಾಯ್ಲರ್ ರೂಮಿನ ಬೆಳಕು ಚೆನ್ನಾಗಿದೆ ಅಂತ ನಾನು ಬಾಯಿ ತೆಗೆಯುವ ಮೊದಲೇ ಬೇಡ ಅಂದರು. ಊರಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ, ಅದರ ಮುಂದೆ ನಿಂತ ಹಾಗೆ ಬೇಕಂತೆ. ಫೋನು ತೆಗೆದು ತೋರಿಸಿದರು. ನಾಲ್ಕು ಗೋಡೆ, ಮೇಲೆ ಕಂಬಿಗಳು ಆಕಾಶಕ್ಕೆ ಚಾಚಿವೆ.

"ಚಾವಣಿ ಇನ್ನೂ ಆಗಿಲ್ಲವಲ್ಲ?" ಅಂದೆ.

"ನೀವು ಹಾಕಿ," ಅಂದರು. "ನೀಲಿ ಬಣ್ಣದ್ದು."